ಕಪಾಟಿನಲ್ಲಿ ಸಿಗದ ಲೆನ್ಸು

ಡ್ರಾಯಿಂಗ್ ಮಾಸ್ತರರಿಗೆ, ಗಂಗಾವತಿಯಿಂದ ನಿಮ್ಮ ಶಿಷ್ಯೆ ಗಿರಿಜಾ ಬರೆಯುವುದೇನೆಂದರೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನೀವು ಹೋಗಿ ಏಳು ತಿಂಗಳಾಯಿತು. ಅಷ್ಟರಲ್ಲಿ ನಾನು ನಿಮ್ಮ ಗೆಳೆಯರನ್ನು ಕಳ್ಳರನ್ನಾಗಿ ಮಾಡಿದೆ, ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡಿದೆ. ಹೇಗೆಂದು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

“ದೇವರ ಬಂದ್ರೂ ನೀ ಆಧಾರ್ ಕಾರ್ಡ್ ಕೇಳಾಕಿ ಬಿಡವಾ” ಎಂದು ನೀವು ರೇಗಿಸುತ್ತಿದ್ದದ್ದು ನೆನಪಿದೆ. ಏನು ಮಾಡಲಿ ಹೇಳಿ? ತಹಸೀಲ್ ಕಚೇರಿಯಲ್ಲಿ ಕುಳಿತು ಹದಿನಾಲ್ಕು ವರ್ಷ ಅರ್ಜಿ ಪರಿಶೀಲಿಸಿದವಳು ನಾನು. ಎದುರಿಗೆ ನಿಂತವರ ಮುಖಕ್ಕಿಂತ ಅವರು ತಂದ ಕಾಗದವನ್ನು ನಂಬುವುದು ರೂಢಿಯಾಗಿಬಿಟ್ಟಿದೆ. ಪ್ರತಿ ರವಿವಾರ ನಿಮ್ಮ ಹಿಂದೆ ಕ್ಯಾಮೆರಾ ಹಿಡಿದು ನವಲಿಯ ಗದ್ದೆ, ವಿರೂಪಾಪುರಗಡ್ಡೆಯ ಬಂಡೆ ಅಂತ ಅಲೆದರೂ ಆ ರೂಢಿ ಹೋಗಲಿಲ್ಲ.

ನಿಮ್ಮ ಉತ್ತರಕ್ರಿಯೆ ಮುಗಿದ ವಾರ ನಿಮ್ಮ ಮನೆಯವರಾದ ನೀಲಮ್ಮನವರು ನನ್ನನ್ನು ಮನೆಗೆ ಕರೆಸಿ ನಿಮ್ಮ ಕ್ಯಾಮೆರಾವನ್ನು ಮಡಿಲಲ್ಲಿಟ್ಟರು. ಸಣ್ಣ ಕಿಟಕಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂಡಿಸಿ ಫೋಕಸ್ ಮಾಡುವ ಆ ಡಿಜಿಟಲ್ ರೇಂಜ್‌ಫೈಂಡರನ್ನು, ನಿವೃತ್ತಿಯಾದ ವರ್ಷ ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟಿದ್ದನ್ನು, ನೀವು ಕೊಂಡಿದ್ದಿರಿ. ಕ್ಯಾಮೆರಾದ ಕಂಪನಿಯದೇ ಲೆನ್ಸು ನಮ್ಮಂಥವರ ಕೈಗೆಟುಕುವುದಿಲ್ಲ, ಬೇರೆ ಕಂಪನಿಯ ಅಗ್ಗದ್ದೊಂದೇ ಸಾಕು ಎಂದು ಅಮ್ಮನವರಿಗೂ ಹೇಳಿದ್ದಿರಿ, ನನಗೂ ಹೇಳಿದ್ದಿರಿ.

ಹಾಗಿದ್ದ ಮೇಲೆ ಇದೇನು? ನಿಮ್ಮ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಹೊಂದಿಸುತ್ತಿದ್ದಾಗ, ಪ್ರತಿ ಚಿತ್ರದ ಜೊತೆ ಕ್ಯಾಮೆರಾ ತಾನೇ ಬರೆದಿಡುವ ವಿವರ ಕಣ್ಣಿಗೆ ಬಿತ್ತು. ದಿನಾಂಕ, ಗಂಟೆ, ಲೆನ್ಸಿನ ಹೆಸರು. ಎರಡು ವರ್ಷದ ಚಿತ್ರಗಳಲ್ಲಿ ನಾನು ತೆರೆದ ಅಷ್ಟರಲ್ಲೂ ಆ ದುಬಾರಿ ಕಂಪನಿಯ ಅಗಲ ನೋಟದ ಲೆನ್ಸಿನ ಹೆಸರೇ ಇತ್ತು. ಕಪಾಟು ಹುಡುಕಿದೆ, ಟ್ರಂಕು ಹುಡುಕಿದೆ. ಅಗ್ಗದ್ದು ಬಿಟ್ಟು ಬೇರೆ ಲೆನ್ಸಿಲ್ಲ. ನೀವು ಹೋದ ಮೇಲೆ ಆ ಕಪಾಟಿಗೆ ಕೈ ಹಾಕಿದವರು ಒಬ್ಬರೇ: ನಿಮ್ಮ ಮೂವತ್ತು ವರ್ಷದ ಗೆಳೆಯ, ಗಡಿಯಾರ ರಿಪೇರಿಯ ಬಸಣ್ಣ ಕಾಕಾ. ಲೆನ್ಸಿಗೆ ಬೂಸರು ಹಿಡಿದೀತೆಂದು ಒಯ್ದು, ಒರೆಸಿ ತಂದಿಟ್ಟಿದ್ದರಂತೆ. ಒಂದನ್ನು ತಂದಿಟ್ಟರು, ಇನ್ನೊಂದು...

ಆ ಮಾತನ್ನು ನಾನು ಅಮ್ಮನವರ ಮುಂದೆ ಆಡಬಾರದಿತ್ತು. ಆಡಿದೆ. ಅವರು ಬಸಣ್ಣ ಕಾಕಾನ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಒಂದ ಐತಿ ಅಂದಿದ್ರಲ್ಲವಾ” ಎಂದಷ್ಟೇ ಹೇಳಿ ಒಳಗೆ ಹೋದರು. ಅಂದಿನಿಂದ ನಿಮ್ಮ ಸುದ್ದಿ ಬಂದಾಗಲೆಲ್ಲ ಮಾತು ಬದಲಿಸತೊಡಗಿದರು. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಇನ್ನೇನೇನು ಮುಚ್ಚಿಟ್ಟಿದ್ದನೋ ಎಂದು ಅವರು ಎಣಿಸುತ್ತಿದ್ದರೆಂದು ಕಾಣುತ್ತದೆ. ನಾನೂ ಎಣಿಸುತ್ತಿದ್ದೆ, ಕ್ಷಮಿಸಿ.

ಬಸಣ್ಣ ಕಾಕಾನ ಅಂಗಡಿಗೆ ಹೋಗಿ ನೇರವಾಗಿಯೇ ಕೇಳಿದೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟು, ನೀಲಮ್ಮ ವೈನಿಗೂ ಹೇಳಿದ್ದೀಯೇನು ಎಂದು ಕೇಳಿದರು. ಹೇಳಿದ್ದೇನೆ ಅಂದೆ. “ಹಂಗಾರ ನಾನ ತೊಗೊಂಡೀನಿ ಅಂತ ತಿಳ್ಕೊ” ಅಂದುಬಿಟ್ಟರು. ಎಲ್ಲಿದೆ ಎಂದರೆ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. ಇದಕ್ಕಿಂತ ಬೇರೆ ಪುರಾವೆ ಏನು ಬೇಕು ನನ್ನಂಥವಳಿಗೆ? ಅವರು ನಿಮ್ಮ ಮನೆಯ ಮೆಟ್ಟಿಲು ಹತ್ತುವುದು ಆ ದಿನಕ್ಕೇ ನಿಂತಿತು.

ಹೋದ ತಿಂಗಳು ನವಲಿಯಲ್ಲಿ ನಾಟಿ ನಡೆದಿತ್ತು. ನೀವಿಲ್ಲದೆ ಮೊದಲ ಸಲ ಕ್ಯಾಮೆರಾ ಒಯ್ದೆ. ಲೆನ್ಸು ಯಾವುದೆಂದು ಅದು ಕೇಳುತ್ತದೆ. ತನ್ನ ಕಂಪನಿಯ ಲೆನ್ಸಾದರೆ ಹಿಂಬದಿಯ ಕಪ್ಪು ಬಿಳಿ ಗುರುತು ಓದಿ ತಾನೇ ತಿಳಿದುಕೊಳ್ಳುತ್ತದೆ, ಪರರದ್ದಾದರೆ ಪಟ್ಟಿಯಿಂದ ನಾವೇ ಒಂದು ಹೆಸರು ಆರಿಸಬೇಕು. ಆ ಪಟ್ಟಿಯಲ್ಲಿ ನಮ್ಮ ಲೆನ್ಸಿನ ಹೆಸರೇ ಇಲ್ಲ. ಇಲ್ಲದ್ದನ್ನು ಇದೆ ಎಂದು ಬರೆಯುವುದು ನನ್ನ ಲೆಕ್ಕದಲ್ಲಿ ಖೊಟ್ಟಿ ಪ್ರಮಾಣಪತ್ರ. ಆ ಹೆಸರಿಗೆ ತಕ್ಕಂತೆ ಕ್ಯಾಮೆರಾ ಅಂಚಿನ ಬಣ್ಣ ತಿದ್ದುವ ಸರಿಪಡಿಕೆಯನ್ನೇ ಬಂದ್ ಮಾಡಿ ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಮೂಲೆಗಳೆಲ್ಲ ಮಸುಕು, ಅಂಚಿಗೆ ನಿಂತ ಮುದುಕನ ಬಿಳಿ ಧೋತರ ನಸುಗೆಂಪು, ಬೆಳ್ಳಕ್ಕಿಯೂ ನಸುಗೆಂಪು. ನನಗೇನನ್ನಿಸಿತು ಗೊತ್ತೇ? ಬಸಣ್ಣ ಕಾಕಾ ಇದರೊಳಗಿನ ಗಾಜನ್ನೂ ಬದಲಿಸಿದ್ದಾರೆ!

ಅದನ್ನು ಸಾಬೀತು ಮಾಡಲೆಂದೇ ಮರುದಿನ ಮುಂಜಾನೆ ಮನೆಯ ಸುಣ್ಣದ ಗೋಡೆಯ ಮುಂದೆ ನಿಂತೆ. ಗಾಜು ಕೆಟ್ಟಿದ್ದರೆ ಯಾವ ಹೆಸರು ಹಾಕಿದರೂ ಗೋಡೆ ಕೆಟ್ಟೇ ಬರಬೇಕಲ್ಲ? ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಹಾಕಿ ಬರಿ ಗೋಡೆಯ ಚಿತ್ರ ತೆಗೆಯುತ್ತ ಹೋದೆ. ಒಂದರಲ್ಲಿ ಅಂಚು ಇನ್ನೂ ಕೆಂಪು, ಮತ್ತೊಂದರಲ್ಲಿ ನೀಲಿ. ಒಂಬತ್ತನೆಯದರಲ್ಲಿ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗೆ ಬಂತು. ಕಂಪ್ಯೂಟರಿಗೆ ಹಾಕಿ ವಿವರ ತೆರೆದೆ. ಅದೇ ದುಬಾರಿ ಲೆನ್ಸಿನ ಹೆಸರು. ಕೈಯಲ್ಲಿದ್ದದ್ದು ಅಗ್ಗದ್ದು.

ಆಗ ತಿಳಿಯಿತು, ಮಾಸ್ತರರೇ. ನಾವು ಆರಿಸಿ ಹಾಕಿದ್ದನ್ನೇ ಕ್ಯಾಮೆರಾ ನಮಗೆ ತಿರುಗಿ ಹೇಳುತ್ತದೆ, ಅಷ್ಟೇ. ನಿಮ್ಮ ಚಿತ್ರಗಳಲ್ಲೂ ಬರಿ ಗೋಡೆಯ ಒಂದು ಕಟ್ಟು ಇತ್ತು. ಮುಪ್ಪಿನ ಕೈ, ಅಪ್ಪಿತಪ್ಪಿ ಗುಂಡಿ ಒತ್ತಿದ್ದೀರಿ ಎಂದು ನಾನು ತೆರೆದೂ ನೋಡಿರಲಿಲ್ಲ. ಆಗ ನೋಡಿದೆ. ಒಂದೊಂದು ಗೋಡೆಗೂ ಒಂದೊಂದು ಲೆನ್ಸಿನ ಹೆಸರು. ಅಷ್ಟನ್ನೂ ಬಸಣ್ಣ ಕಾಕಾ ಕದ್ದರೇ? ನನಗೊಂದು ಮಾತು ಹೇಳಬಾರದಿತ್ತೇ ನೀವು? ಅಥವಾ ಹೇಳಿದರೆ ಸುಳ್ಳು ಹೆಸರು ಯಾಕೆ ಹಾಕಿದಿರಿ ಎಂದು ಜಗಳ ತೆಗೆಯುತ್ತಾಳೆಂದು...

ಮೊದಲು ಅಮ್ಮನವರಿಗೆ ತೋರಿಸಿದೆ. ಬೆಳ್ಳಗೆ ಬಂದ ಗೋಡೆಯನ್ನೂ ಅದರ ಕೆಳಗಿನ ಹೆಸರನ್ನೂ ಎರಡೆರಡು ಸಲ ಓದಿಸಿಕೊಂಡು ಅತ್ತರು. ಸಂತೋಷಕ್ಕೇ ಅತ್ತರೆಂದು ನಂಬಿದ್ದೇನೆ. ಆಮೇಲೆ ಅಂಗಡಿಗೆ ಹೋಗಿ ಬಸಣ್ಣ ಕಾಕಾನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಮ್ಮ ಮೇಲಿನ ಆಪಾದನೆಯ ಬಗ್ಗೆ ಏನೂ ಕೇಳಲಿಲ್ಲ. “ಅಂದ್ರ ಮಾಸ್ತರ ವೈನಿ ಮುಂದ ಸುಳ್ಳ ಹೇಳಿದ್ದಿಲ್ಲ” ಅಂದರು.

ಕದ್ದಿಲ್ಲದ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

“ಮಾಸ್ತರ ತೊಗೊಂಡಿರಬೇಕು, ಯಾವುದೋ ಅಡಚಣಿಗೆ ಮಾರಿರಬೇಕು, ಮನ್ಯಾಗ ಹೇಳಿರಾಕಿಲ್ಲ ಅಂದ್ಕೊಂಡೆ. ನಾ ಇಲ್ಲ ಅಂದಿದ್ರ ನೀ ಅವನ್ನ ಹಿಡೀತಿದ್ದಿ. ಅಂವ ಉತ್ತರ ಕೊಡಾಕ ಇಲ್ಲ. ನಾ ಅದೀನಿ.”

ನೋಡಿದಿರಾ, ನಿಮ್ಮನ್ನು ಸಂಶಯಪಟ್ಟವರಲ್ಲಿ ಅವರೂ ಒಬ್ಬರು. ಆದರೆ ಅವರು ಸಂಶಯಪಟ್ಟು ಕಳಂಕವನ್ನು ತಮ್ಮ ಮೈಮೇಲೆ ಎಳೆದುಕೊಂಡರು, ನಾನು ಸಂಶಯಪಟ್ಟು ಅಮ್ಮನವರಿಗೂ ಹಂಚಿದೆ. ತಪ್ಪಾಯಿತು ಕಾಕಾ ಎಂದೆ. ಅವರು ಕ್ಯಾಮೆರಾ ತೆಗೆದುಕೊಂಡು ಅದರ ಸಣ್ಣ ಕಿಟಕಿಯಲ್ಲಿ ಇಣುಕಿ, ಬಿಂಬಗಳು ಸರಿಯಾಗಿ ಕೂಡುತ್ತಿಲ್ಲ, ಬಿಟ್ಟು ಹೋಗು ಅಂದರು. ಆಮೇಲೆ ಕಣ್ಣೆತ್ತದೆ ಕೇಳಿದರು: “ತೊಗೊಂಡೀನಿ ಅಂತ ಚೀಟಿ ಬರದ ಕೊಡ್ಲೇನು?”

ಚುಚ್ಚಲೆಂದೇ ಕೇಳಿದ್ದು, ಚುಚ್ಚಿತು. ಬೇಡ ಅಂದೆ. ಎದುರಿನ ಹೋಟೆಲಿಗೆ ಚಹಕ್ಕೆ ಕರೆದೆ, ಬರಲಿಲ್ಲ.

ನಿಮಗೆ ತಿಳಿಯದ ಸುದ್ದಿ ಇಷ್ಟೇ. ನಿಮ್ಮ ಕ್ಯಾಮೆರಾ ಈಗ ಬಸಣ್ಣ ಕಾಕಾನ ಹತ್ತಿರ ಇದೆ, ಚೀಟಿ ಇಲ್ಲದೆ. ರವಿವಾರ ಹೋಗುತ್ತೇನೆ. ಕೊಟ್ಟರೆ ತರುತ್ತೇನೆ. ತಮ್ಮ ಹತ್ತಿರವೇ ಇರಲಿ ಅಂದರೆ, ಯಾಕೆ ಅಂತ ಕೇಳುವುದಿಲ್ಲ.

ನಿಮ್ಮ
ಗಿರಿಜಾ