ಗಿಟಾರಿಗೆ ಅಮ್ಮನ ಉತ್ತರ

ಮನೆ, ಅಡುಗೆಕೋಣೆಯ ಮೇಜು
ಭಾನುವಾರ, ಮಾರ್ಚ್ ೮

ಪ್ರೀತಿಯ ಗುಬ್ಬೀ,

ಹೇಗಿದ್ದೀಯೇ? ತಂತಿ ಒತ್ತಿ ಒತ್ತಿ ಬೆರಳ ತುದಿ ಬಿರಿದಿದೆ ಎಂದಿದ್ದೆಯಲ್ಲ, ವಾಸಿಯಾಯಿತೇ? ರೆಕಾರ್ಡಿಂಗ್ ನೆಪದಲ್ಲಿ ಊಟ ಬಿಟ್ಟೀಯೆ, ಜೋಕೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಬಸ್ಸಿನ ಸ್ಟಿಯರಿಂಗ್ ಬಿಟ್ಟು ಸೌಟು ಹಿಡಿದ ಮೇಲೆ ಒಂದೆರಡು ಪಾತ್ರೆ ಸೀದದ್ದು ಬಿಟ್ಟರೆ ದೊಡ್ಡ ಅಪಘಾತವೇನೂ ಆಗಿಲ್ಲ.

ಅಮ್ಮನ ಬಲಗೈಗೆ ಲೋಟ ಹಿಡಿಯುವಷ್ಟು ಶಕ್ತಿ ಬಂದಿದೆ. ಆದರೆ ಪಾರ್ಶ್ವವಾಯು ಬಡಿದ ದಿನ ನಿಂತುಹೋದ ಮಾತು ಮಾತ್ರ ಬಂದಿರಲಿಲ್ಲ. ಮಾತು ಕಲಿಸಲು ಬರುವ ಡಾಕ್ಟರಮ್ಮ ಚಿತ್ರ ತೋರಿಸಿ, "ಇದೇನಮ್ಮಾ, ಹೇಳಿ ನೋಡೋಣ" ಅಂದರೆ ಇವಳು ಮುಖ ತಿರುಗಿಸುತ್ತಿದ್ದಳು. ಬೀದಿಗೆಲ್ಲ ಕೇಳುವಂತೆ ನನ್ನನ್ನು ಬೈಯುತ್ತಿದ್ದವಳು ಕಣೇ! ಮನೆ ಬಿಕೋ ಅನ್ನುತ್ತಿತ್ತು. ಸುಳ್ಳೇಕೆ ಹೇಳಲಿ, ಇವಳ ದನಿ ಇನ್ನು ಕೇಳುವುದೇ ಇಲ್ಲವೇನೋ ಎಂದು ನನಗೆ ಭಯವಾಗಿತ್ತು.

ತಾಳಲಾರದೆ ಹೋದ ವಾರ ನಿನ್ನ ಮೊದಲ ಆಲ್ಬಮ್ ಹಾಕಿದೆ. ಅದು ಬ್ಲೂಸೋ, ಜಾಝೋ, ಎರಡರ ಕಲಬೆರಕೆಯೋ, ನನ್ನ ತಲೆಗೆ ಇವತ್ತಿಗೂ ಹತ್ತಿಲ್ಲ. ಆದರೆ ಆ ನಿಧಾನದ ಹಾಡಿದೆಯಲ್ಲ, ಗಿಟಾರ್ ಏನೋ ಪ್ರಶ್ನೆ ಕೇಳಿದಂತೆ ತಂತಿ ಎಳೆದು ಸುಮ್ಮನಾಗುತ್ತದೆ. ಹಿಂದೆ ಡ್ರಮ್ ಮೆಲ್ಲಗೆ ನಡೆಯುತ್ತಿರುತ್ತದೆ. "ಬ್ಲೂಸ್ ಅಂದ್ರೆ ಕೇಳೋದು, ಆಮೇಲೆ ಉತ್ತರಕ್ಕೆ ಕಾಯೋದು, ಅಪ್ಪಾ" ಎಂದು ನೀನೇ ಹೇಳಿದ್ದೆ. ಗಿಟಾರ್ ಸುಮ್ಮನಾದ ಆ ಜಾಗದಲ್ಲಿ ನನ್ನ ಬೆನ್ನ ಹಿಂದಿನಿಂದ "ಹ್ಞೂಂ... ಹ್ಞೂಂ" ಎಂದು ಕೇಳಿತು. ಅಮ್ಮ! ಗಿಟಾರ್ ಮತ್ತೆ ಕೇಳಿತು, ಅವಳು ಮತ್ತೆ ಉತ್ತರ ಕೊಟ್ಟಳು, ಅದೇ ರಾಗದಲ್ಲಿ. ನಾನು ಅತ್ತೇಬಿಟ್ಟೆ. ಈರುಳ್ಳಿ ಹೆಚ್ಚುತ್ತಿದ್ದದ್ದು ಮಾನ ಉಳಿಸಿತು.

ಈಗ ದಿನವೂ ಅದೇ ಹಾಡು. ನಿನ್ನೆ "ಹ್ಞೂಂ" ಹೋಗಿ "ಬಾ" ಬಂತು. ಯಾರನ್ನು ಕರೆದಳೋ ಗೊತ್ತಿಲ್ಲ, ನಾನಂತೂ ಓಡಿಹೋಗಿ ಎದುರಿಗೆ ನಿಂತೆ. ವಿಷಯ ಕೇಳಿ ಡಾಕ್ಟರಮ್ಮ ಕುಣಿಯುವುದೊಂದು ಬಾಕಿ.

ಹೊತ್ತಿಗೆ ಸರಿಯಾಗಿ ತಿಂದು, ಮಲಗಿ, ನೂರು ಕಾಲ ಸುಖವಾಗಿರು ತಾಯೀ. ನಿನ್ನ ಡ್ರಮ್ಮಿನ ಹುಡುಗಿಗೂ ಕೇಳಿದೆನೆಂದು ಹೇಳು.

ನಿನ್ನ
ಅಪ್ಪ

ತಾ.ಕ.: ನೀನು ಕಳಿಸಿದ ಹೊಸ ಹಾಡುಗಳನ್ನೂ ಹಾಕಿದ್ದೆ. ಅಬ್ಬಾ, ಏನು ವೇಗವೇ ಅದು! ಅಮ್ಮ ಪ್ರತಿ ಸಲ ಬಾಯಿ ತೆರೆದಳು; ಅಷ್ಟರಲ್ಲಿ ನಿನ್ನ ಗಿಟಾರೇ ಮತ್ತೆ ಮಾತಾಡಿಬಿಟ್ಟಿತು. ಕೊನೆಗೆ ಬಾಯಿ ಮುಚ್ಚಿ ಕೂತಳು. ಆಲ್ಬಮ್ ಇನ್ನೂ ಮುಗಿದಿಲ್ಲ ಎಂದೆಯಲ್ಲ? ಒಂದೇ ಒಂದು ಹಾಡಿನಲ್ಲಿ ಜಾಗ ಬಿಡು ಮಗಳೇ. ಕೇಳುವವರು ಏನಾದರೂ ಅಂದುಕೊಳ್ಳಲಿ. ಅಮ್ಮನಿಗೆ ಹೇಳುವುದು ಬಹಳ ಇದೆ.