ಇಪ್ಪತ್ತು ನಿಮಿಷದ ಕಾವಲು

ಬುಧವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಫೋನಿನಲ್ಲಿ ನಿನ್ನ ತಮ್ಮನ ಮಾತೆತ್ತಿದರೆ ಸಾಕು, ಒಲೆ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀಯ. ಒಬ್ಬಳೇ ಇರುವ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಹಾಲು ಕಾಯಿಸುತ್ತೀಯೋ ದೇವರಿಗೇ ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಲೆ ಆರಿಸಿ ಕೂತು ಓದು.

ಅವನು ಬಿಡುಗಡೆಯಾಗಿ ಎರಡು ತಿಂಗಳಾಯಿತು. ಜೈಲಿನಿಂದ ಹೊರಗೆ ಬಂದ ಎನ್ನಬಹುದು, ಮನೆಗೆ ಬಂದ ಎಂದು ಹೇಳುವ ಧೈರ್ಯ ನನಗಿನ್ನೂ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಹೊದಿಕೆ ಮಡಚಿಟ್ಟು, ಯಾರೋ ಬಂದು ಎಣಿಸಿಕೊಂಡು ಹೋಗಲಿ ಎಂಬಂತೆ ಮಂಚದ ಪಕ್ಕ ನೆಟ್ಟಗೆ ನಿಂತಿರುತ್ತಾನೆ. ಬಚ್ಚಲಿಗೆ ಹೋಗುವುದಕ್ಕೂ ನನ್ನನ್ನು ಕೇಳುತ್ತಾನೆ. ತಟ್ಟೆಗೆ ಎಡಗೈ ಅಡ್ಡ ಇಟ್ಟುಕೊಂಡು ನಾಲ್ಕು ನಿಮಿಷದಲ್ಲಿ ಊಟ ಮುಗಿಸುತ್ತಾನೆ. ನನ್ನ ಹೊಲಿಗೆ ಮಿಷನ್ನಿನ ಸದ್ದಿಗೆ ಬೆಚ್ಚಿಬೀಳುತ್ತಾನೆಂದು ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ಬಿಟ್ಟುಕೊಟ್ಟಿದ್ದೇನೆ. ಈಗ ಕೈಯಲ್ಲಿ ಮಾಡುವ ಕಾಜ, ಗುಂಡಿ, ಹೆಮ್ಮಿಂಗ್ ಇಷ್ಟೇ. ಬೆರಳ ತುದಿಯೆಲ್ಲ ಜರಡಿಯಾಗಿದೆ.

ಆಸ್ಪತ್ರೆಯ ಡಾಕ್ಟರು ಅವನನ್ನೊಂದು ತರಬೇತಿಗೆ ಹಾಕಿದರು. ಬಿಡುಗಡೆಯಾಗಿ ಬಂದವರಿಗೆಂದೇ ಲೈಬ್ರರಿಯ ಮಹಡಿಯಲ್ಲಿ ನಡೆಸುತ್ತಾರೆ. ಮಂಗಳವಾರಕ್ಕೊಂದರಂತೆ ಎಂಟು ಕ್ಲಾಸು. ಬಾಗಿಲಿಗೆ ಮೈಂಡ್‌ಫುಲ್‌ನೆಸ್ ಎಂದು ಬೋರ್ಡು ಹಾಕಿದ್ದಾರೆ. ಅದಕ್ಕೆ ನನ್ನ ನಾಲಿಗೆ ಹೊರಳುವುದಿಲ್ಲ, ನಾನು ಉಸಿರಿನ ಕ್ಲಾಸು ಎನ್ನುತ್ತೇನೆ. ಕಣ್ಣು ಮುಚ್ಚಿ, ಒಳಗೆ ಹೋಗುವ ಉಸಿರನ್ನೂ ಹೊರಗೆ ಬರುವ ಉಸಿರನ್ನೂ ನೋಡುತ್ತಾ ಕೂರಬೇಕು. ಯೋಚನೆ ಬಂದರೆ ಬಂತು ಎನ್ನಬೇಕು, ಜಗಳಕ್ಕೆ ಹೋಗದೆ ಬಿಟ್ಟುಬಿಡಬೇಕು. ಬಂದದ್ದನ್ನು ಬಿಡುವುದು ಅಷ್ಟು ಸುಲಭವಾಗಿದ್ದರೆ ನಾವೆಲ್ಲ ಯಾವತ್ತೋ ಋಷಿಗಳಾಗಿಬಿಡುತ್ತಿದ್ದೆವು ಎಂದುಕೊಂಡೆ. ಆದರೂ ಕಲಿಸುವಾಕೆ ಒಳ್ಳೆಯವಳು. ಯಾರನ್ನೂ ಏನು ತಪ್ಪು ಮಾಡಿ ಬಂದಿರಿ ಎಂದು ಕೇಳುವುದಿಲ್ಲ.

ಮೊದಲನೇ ವಾರ ಅವನು ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡು ಕೂತ. ಬೆನ್ನ ಹಿಂದೆ ಯಾರೂ ಇರಬಾರದಂತೆ. ಎಲ್ಲರೂ ಕಣ್ಣು ಮುಚ್ಚಿದರು, ಇವನೊಬ್ಬ ಮುಚ್ಚಲಿಲ್ಲ. ಬಾಗಿಲಾಚೆ ಕೂತು ನೋಡುತ್ತಿದ್ದ ನಾನು ಮನೆಗೆ ಬರುವ ದಾರಿಯಲ್ಲಿ ಕೇಳಿದೆ. "ಹತ್ತು ಜನರ ಮಧ್ಯೆ ಕಣ್ಣು ಮುಚ್ಚಿದೋನು ಒಳಗೆ ಉಳಿಯಲ್ಲ ಅಮ್ಮ" ಎಂದ. ಮಾರನೇ ವಾರ ಕಲಿಸುವಾಕೆಯನ್ನು ಕೇಳಿಕೊಂಡು ನಾನೂ ಅವನ ಪಕ್ಕ ಕೂತೆ. "ನೀನು ಕಣ್ಣು ಬಿಟ್ಕೊಂಡಿರು, ಆಗ ನಾನು ಮುಚ್ಕೋತೀನಿ" ಎಂದ. ಅಂದಿನಿಂದ ನಾನು ಅವನ ಕಾವಲು. ಮನೆಯಲ್ಲೂ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಅವನು ಕಣ್ಣು ಮುಚ್ಚಿ ಕೂರುತ್ತಾನೆ, ನಾನು ಬಾಗಿಲು ಕಾಯುತ್ತೇನೆ. ಮೂರನೇ ಕ್ಲಾಸಿನಲ್ಲಿ ಕಾವಲುಗಾರ್ತಿಯೇ ಗೊರಕೆ ಹೊಡೆದಳಂತೆ. ಎದುರಿಗಿದ್ದ ಇಬ್ಬರು ಕಳ್ಳರು (ನಾನು ಇಟ್ಟ ಹೆಸರಲ್ಲ, ಅವರೇ ಹೇಳಿಕೊಂಡದ್ದು) ಬಿದ್ದು ಬಿದ್ದು ನಕ್ಕರು. ಇವನೂ ನಕ್ಕ ಕಣೇ. ಮೂರು ವರ್ಷದ ಮೇಲೆ ಅವನ ಹಲ್ಲು ನೋಡಿದೆ. ಅವತ್ತು ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡ.

ಐದನೇ ವಾರ ಎಲ್ಲ ಕೆಟ್ಟಿತು. ನಿಮ್ಮಿಂದ ನೊಂದವರೊಬ್ಬರ ಮುಖ ನೆನೆದುಕೊಳ್ಳಿ, ಅವರು ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಹೇಳಿ ಎಂದಳು ಆಕೆ. ಇವನು ಎದ್ದವನೇ ಗೋಡೆಗೆ ಮುಖಮಾಡಿ, ಕಾಲು ಅಗಲಿಸಿ, ಎರಡೂ ಅಂಗೈಯನ್ನು ಗೋಡೆಗಿಟ್ಟು ನಿಂತುಬಿಟ್ಟ, ಪೊಲೀಸರು ಮೈ ತಡಕುವಾಗ ನಿಲ್ಲುತ್ತಾರಲ್ಲ ಹಾಗೆ. ಎಷ್ಟು ಕರೆದರೂ ಕೈ ತೆಗೆಯಲಿಲ್ಲ. ಕಲಿಸುವಾಕೆಗೂ ದಿಕ್ಕು ತೋಚಲಿಲ್ಲ. ನಾನು ಅವನ ಅಂಗಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ. ಹೆತ್ತವಳಾಗಿ ಇನ್ನೇನೂ ಮಾಡಲಾಗಲಿಲ್ಲ.

ಆಮೇಲೆ ಎರಡು ಮಂಗಳವಾರ ಹೋಗಲಿಲ್ಲ. ಈಗ ತಟ್ಟೆ ಮುಂದಿಟ್ಟರೂ ಹಾಗೇ ಇರುತ್ತದೆ. ಡಾಕ್ಟರು ಇನ್ನೊಂದು ವಾರ ನೋಡಿ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ಅಲ್ಲಿ ವಾರ್ಡಿಗೆ ಹೊರಗಿನಿಂದ ಬೀಗ ಹಾಕುತ್ತಾರೆ. ಇನ್ನೊಂದು ಬೀಗ ಅವನು ತಡೆಯಲಾರ. ಅಂಗಲಾಚಿ ಕೇಳಿದ್ದಕ್ಕೆ ಒಂದೇ ಮಾತು ಹೇಳಿದ. "ಅಕ್ಕ ಚೆನ್ನಾಗಿರ್ಲಿ ಅನ್ನೋಕೆ ನಾನ್ಯಾರಮ್ಮ?"

ನಿನ್ನ ಸಂಕಟ ನನಗೆ ತಿಳಿಯದ್ದಲ್ಲ. ರಾತ್ರಿಯೆಲ್ಲ ಬೇಕರಿ ವ್ಯಾನಿನಲ್ಲಿ ಬ್ರೆಡ್ ಹಾಕಿ ಬಂದವನು, ನಿದ್ದೆಗಣ್ಣಿನಲ್ಲೇ ನಮ್ಮ ಹಳೇ ಕಾರು ತೆಗೆದು ಅಳಿಯಂದಿರನ್ನು ಸ್ಟೇಷನ್ನಿಗೆ ಬಿಡಲು ಹೊರಟ. ಸೇತುವೆಯ ಕಂಬಕ್ಕೆ ಗುದ್ದಿದ. ಇವನು ಉಳಿದ, ಅವರು ಉಳಿಯಲಿಲ್ಲ. ಚಿಕ್ಕಂದಿನಿಂದಲೂ ಹಟಮಾರಿ, ಯಾರ ಮಾತು ತಾನೇ ಕೇಳಿದ್ದಾನೆ? ಕ್ಷಮಿಸು ಎಂದು ನಾನು ಕೇಳುತ್ತಿಲ್ಲ. ಜೈಲಿನಿಂದ ಅವನು ಬರೆದ ಕಾಗದಗಳನ್ನು ನೀನು ಒಡೆಯದೆ ವಾಪಸು ಕಳಿಸಿದೆ, ಅದಕ್ಕೂ ನಾನೇನೂ ಅನ್ನಲಿಲ್ಲ. ಈಗ ಒಂದೇ ಒಂದು ಸಾಲು ಅವನಿಗೆ ಬರೆ. ಬೈದೇ ಬರೆ, ನಡೆಯುತ್ತದೆ. ನಿನ್ನ ಕೈಬರಹ ಕಂಡರೆ ಬರುವ ಮಂಗಳವಾರ ಕೊನೆಯ ಕ್ಲಾಸಿಗಾದರೂ ಎದ್ದಾನು. ನನ್ನ ಕೈಯಲ್ಲಿ ಏನೂ ಉಳಿದಿಲ್ಲ ಮಗಳೇ.

ಹೊತ್ತು ಹೊತ್ತಿಗೆ ಊಟ ಮಾಡು. ಒಬ್ಬಳೇ ಎಂದು ಬ್ರೆಡ್ಡು ಕಚ್ಚಿಕೊಂಡು ಮಲಗಬೇಡ.

ಇಂತಿ,
ನಿನ್ನ ಅಮ್ಮ

ಮತ್ತೆ: ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯ ತನಕ ಹೋಗಿದ್ದೆ. ಹಾಕಲು ಕೈ ಬರಲಿಲ್ಲ. ಮನೆಗೆ ಬಂದು ಒಡೆದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಇಪ್ಪತ್ತು ನಿಮಿಷ ಸುಮ್ಮನೆ ಕೂತರೆ ಕಾಯುವವಳಿಗೂ ಯೋಚನೆ ಬರುತ್ತದೆ. ನನಗೆ ದಿನಾ ಒಂದೇ ಬರುತ್ತದೆ. ಬಂತು ಎನ್ನುತ್ತೇನೆ, ಹೋಗುವುದಿಲ್ಲ. ಹಟಮಾರಿ ಎಂದು ಮೇಲೆ ಬರೆದದ್ದು ಸುಳ್ಳು. ಆ ದಿನ ಅವನು ಬಾಗಿಲಲ್ಲಿ ಬೂಟು ಬಿಚ್ಚುತ್ತಾ, "ಕಣ್ಣು ಎಳೀತಿದೆ ಅಮ್ಮ, ಭಾವನಿಗೆ ಟ್ಯಾಕ್ಸಿ ಹೇಳಿಬಿಡು" ಎಂದ. ಮನೆಯಲ್ಲಿ ಗಾಡಿ ಇಟ್ಟುಕೊಂಡು ಅಳಿಯನನ್ನು ಟ್ಯಾಕ್ಸಿಯಲ್ಲಿ ಕಳಿಸಿದರೆ ನಾಲ್ಕು ಜನ ಏನಂದಾರು ಎಂದು ನಾನು ರೇಗಿದೆ. ಬಿಚ್ಚಿದ ಬೂಟನ್ನು ಅವನು ಮತ್ತೆ ಹಾಕಿಕೊಂಡ. ಬೀಗದ ಕೈಯನ್ನು ನಾನೇ ಅವನ ಕೈಗೆ ತುರುಕಿದೆ. ನೀನು ಆಗ ಒಳಗೆ ಅವರ ಚೀಲ ತುಂಬುತ್ತಿದ್ದೆ.

ನಿದ್ದೆಗೆಟ್ಟು ಯಾಕೆ ಓಡಿಸಿದೆ ಎಂದು ಕೋರ್ಟಿನಲ್ಲಿ ಕೇಳಿದರು. ನನಗೇ ಹೋಗಬೇಕು ಅನ್ನಿಸಿತು ಎಂದ. ನಾನು ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಮೊದಲ ಸಲ ಜೈಲಿಗೆ ನೋಡಲು ಹೋದಾಗ ಯಾಕೆ ಹಾಗೆ ಹೇಳಿದೆಯೋ ಎಂದು ಅತ್ತುಬಿಟ್ಟೆ. "ಅಕ್ಕನಿಗೆ ಭಾವನೂ ಇಲ್ಲ, ಇನ್ನು ನಾನೂ ಇಲ್ಲ. ಅಮ್ಮನಾದ್ರೂ ಇರ್ಲಿ" ಎಂದ. ನಾನು ಹೂಂ ಎಂದು ಎದ್ದು ಬಂದೆ. ನನಗೆ ಅದರಿಂದ ಅನುಕೂಲವೇ ಆಯಿತು. ಮೂರು ವರ್ಷ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಅವನನ್ನು ಶಪಿಸಿದಾಗಲೆಲ್ಲ ನಾನು ನಿನ್ನ ತಲೆ ಸವರಿದೆ.

ಇದನ್ನು ಬರೆದದ್ದು ಅವನಿಗೆ ತಿಳಿಯದು. ನೀನು ಇನ್ನು ನನಗೆ ಫೋನು ಮಾಡುವುದಿಲ್ಲ ಎಂದು ಗೊತ್ತು. ಆಗಲಿ. ನಿನಗೆ ತಮ್ಮನಾದರೂ ಇರಲಿ.