ಬಾಣಲೆಗೆ ಬಳಿದ ಬಣ್ಣ

ಕೋಚ್ಕೋರ್
ಆಗಸ್ಟ್ ೧೭, ಗುರುವಾರ ಮಧ್ಯಾಹ್ನ

ಪ್ರೀತಿಯ ಬುರುಲ್ಚಾ,

ನಿನ್ನ ಮೊಣಕಾಲು ಹೇಗಿದೆ? ಸೊಂಕುಲ್ ಕೆರೆಯ ಮೇಲೆ ಆಗಲೇ ಚಳಿಗಾಳಿ ಬೀಸುತ್ತಿದೆಯೆಂದು ಹುಳಿ ಬರಿಸಿದ ಕುದುರೆ ಹಾಲಿನ ಕುಮಿಸ್ ತರುವ ಲಾರಿಯವನು ಹೇಳಿದ. ಎರಡು ಕಂಬಳಿ ಹೊದ್ದು ಮಲಗು. ನಿಮ್ಮಣ್ಣನ ಕುದುರೆಗಳು ನಿನ್ನ ಕೈಗೆ ಒಗ್ಗಿ ಹಾಲು ಕೊಡುತ್ತಿರಬೇಕು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ನಾನೇ ಒಗ್ಗಿದ್ದೇನೆ, ಕುದುರೆಗೇನು ಕಷ್ಟ? ಆ ಹುಲ್ಲುಗಾವಲಲ್ಲಿ ಫೋನ್ ಸಿಗುವುದಿಲ್ಲವೆಂದು ಈ ಕಾಗದ. ಕಾಗುಣಿತ ತಪ್ಪಿದ್ದರೆ ಮೇಷ್ಟ್ರನ್ನು ಬೈಯಬೇಡ, ಐದನೇ ಕ್ಲಾಸಿನ ಮೇಲೆ ನಾನು ಅವರ ಕೈಗೆ ಸಿಕ್ಕಲೇ ಇಲ್ಲ.

ಹೂಂ, ಬೀರುವಿನ ಬಾಗಿಲುಗಳನ್ನು ಬಿಚ್ಚಿಯೇಬಿಟ್ಟೆ. ಹನ್ನೊಂದನ್ನೂ. ಹೊರಡುವ ದಿನ ನೀನು ಹೇಳಿದ ಮಾತು ಕಿವಿಯಲ್ಲೇ ಕೂತಿತ್ತು: "ನಾನು ಇಳಿದು ಬರೋದ್ರೊಳಗೆ ಆ ಅಡುಗೆಮನೆ ಬೀರು ಸರಿಯಾಗ್ಬೇಕು, ಇಲ್ದಿದ್ರೆ ಒಲೆಗೆ ಹಾಕಿ ಹೊಸದು ತರ್ತೀನಿ." ನಮ್ಮಪ್ಪ ಕೈಯಾರೆ ಮಾಡಿದ ಬೀರು. ಆ ಮಾತು ಕೇಳಿದ ಅವ್ವ, ನೀನು ಹೋದ ಮೇಲೆ ನೆಟ್ಟಗೆ ಊಟವನ್ನೇ ಮಾಡಲಿಲ್ಲ. ನಿಮ್ಮಿಬ್ಬರ ನಡುವೆ ನಾನು ಆ ಬೀರುವಿನ ನಡುಹಲಗೆಯಾಗಿಬಿಟ್ಟೆ. ಹೋದ ವರ್ಷ ನಾನು ಬಳಿದ ಬಣ್ಣ ಎರಡೇ ವಾರಕ್ಕೆ ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆಯಂತೆ ಎದ್ದು ಬಂದಿತ್ತಲ್ಲ? ಅಂಗಡಿಯವನು ಮೋಸ ಮಾಡಿದನೆಂದು ಊರೆಲ್ಲ ಸಾರಿದ್ದೆ, ಪಾಪ.

ಈ ಸಲ ಯುರ್ತಾ ಡೇರೆಗಳ ಬಾಗಿಲಿಗೆ ಬಣ್ಣ ಬಳಿಯುವ ಅಸಾನ್‌ಕೋಜೊ ಅಜ್ಜನನ್ನು ಕರೆತಂದೆ. ಆತ ಬಣ್ಣದ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಮೇಲೆ ಹೆಬ್ಬೆರಳು ಎಳೆದು ಮೂಗಿಗೆ ಹಿಡಿದ. "ಲೇ ಕಲ್ಮುರ್ಜಾ, ನೀನು ಬಣ್ಣ ಬಳಿದಿದ್ದು ಬೀರುಗಲ್ಲ ಕಣೋ, ಬಾಣಲೆಗೆ!" ಅಂದ. ಗುರುವಾರ ಬಂದರೆ ಅವ್ವ ತೀರಿಹೋದ ಅಪ್ಪನ ಹೆಸರಲ್ಲಿ ಏಳು ರೊಟ್ಟಿ ಎಣ್ಣೆಯಲ್ಲಿ ಕರಿಯುತ್ತಾಳಲ್ಲ, ವಾಸನೆ ಅವರಿಗೆ ಮುಟ್ಟಲಿ ಎಂದು? ಹತ್ತೊಂಬತ್ತು ವರ್ಷದ ವಾಸನೆ ಅಪ್ಪನಿಗೆ ಮುಟ್ಟಿದೆ, ಎಣ್ಣೆ ಮಾತ್ರ ಅವರ ಬೀರುವಿನಲ್ಲೇ ಉಳಿದುಕೊಂಡಿದೆ, ಅದರ ಮೇಲೆ ಬಣ್ಣ ಹಿಡಿಯುವುದಾದರೂ ಹೇಗೆ?

ಆ ಅಜ್ಜನ ಕೆಲಸ ನೀನು ನೋಡಬೇಕಿತ್ತು! ಮೊದಲು ಬಾಗಿಲುಗಳ ಹಿಂದೆ ನಂಬರ್ ಬರೆದ, "ಒಬ್ಬನ ಹೆಂಡ್ತಿ ಇನ್ನೊಬ್ಬನ ಮನೆಗೆ ಹೋಗ್ಬಾರ್ದು" ಅಂತ. ಬಿಸಿನೀರಿಗೆ ಸೋಡಾ ಹಾಕಿ ಮೂರು ಸಲ ತೊಳೆಸಿದ. ನೀರು ನಮ್ಮ ಟೀಗಿಂತ ಕಪ್ಪಾಯಿತು. ಒರೆಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ನನ್ನನ್ನು ಬಿಡಲಿಲ್ಲ. ಆಮೇಲೆ ಉಪ್ಪುಕಾಗದ ಹಿಡಿದು ಉಜ್ಜಿದ, ಪ್ರೈಮರ್ ಬಳಿದ, ಒಣಗಿದ ಮೇಲೆ ಮತ್ತೆ ಉಜ್ಜಿದ. ಕಣ್ಣು ಮುಚ್ಚಿಕೊಂಡು, ಕುದುರೆಮರಿಯ ಬೆನ್ನು ಸವರುವಂತೆ ಅಂಗೈಯಲ್ಲಿ ಸವರಿ, ನನಗೆ ಕಾಣದ ಮರಳಿನ ಕಾಳನ್ನು ಹುಡುಕಿ ತೆಗೆದ. ನಾನು ಬ್ರಶ್ಶಿನ ತುಂಬ ಬಣ್ಣ ಎತ್ತಿದರೆ, "ರೊಟ್ಟಿಗೆ ಬೆಣ್ಣೆ ಹಚ್ತಿದೀಯೇನೋ?" ಎಂದು ಕೈಗೇ ಬಡಿದ. ಬಣ್ಣ ತೆಳ್ಳಗೆ, ಒಂದರ ಮೇಲೊಂದು. ಧೂಳು ಕೂರದಂತೆ ಅಡುಗೆಮನೆಯಲ್ಲೇ ಬಾಗಿಲುಗಳಿಗೆ ಬಿಳಿ ಪರದೆ ಕಟ್ಟಿದ, ನಮ್ಮಲ್ಲಿ ಹೊಸ ಸೊಸೆಯನ್ನು ಪರದೆಯ ಹಿಂದೆ ಕೂರಿಸಿದ ಹಾಗೆ. ನೋಡಲು ಬಂದ ಅಕ್ಕಪಕ್ಕದವರಿಗೆಲ್ಲ ನಾನು, "ಸೊಸೆ ಮುಖ ನೋಡೋ ಕಾಣಿಕೆ ಎಲ್ಲಿ?" ಎಂದು ಕೈ ಒಡ್ಡಿದೆ. ಎರಡು ಸಕ್ಕರೆ ಮಿಠಾಯಿ ಸಿಕ್ಕಿತು.

ಕೊನೆಯ ಬಣ್ಣ ಬಳಿದದ್ದು ಹೋದ ಗುರುವಾರ. "ಇವತ್ತು ಒಳಗೆ ಎಣ್ಣೆ ಕಾಸಿದ್ರೆ ಎಲ್ಲಾ ಮೊದಲಿಂದ," ಅಂದ ಅಜ್ಜ. ಅವ್ವನಿಗೆ ಹೇಳುವವರು ಯಾರು? ನಾನು ಅಜ್ಜನ ಹಿಂದೆ ನಿಂತೆ, ಅಜ್ಜ ನನ್ನ ಹಿಂದೆ ಬಂದ. ಅಷ್ಟರಲ್ಲಿ ಮಾತು ಕಿವಿಗೆ ಬಿದ್ದಿದ್ದ ಅವ್ವ ಬಾಣಲೆ ಹಿಡಿದುಕೊಂಡೇ ಬಂದು ಪರದೆಯನ್ನು ನೋಡಿದಳು. ಆಮೇಲೆ ಸೀದಾ ಅಂಗಳಕ್ಕೆ ಹೋಗಿ ಮೂರು ಇಟ್ಟಿಗೆ ಇಟ್ಟು ಬೆಂಕಿ ಹಚ್ಚಿದಳು. ಎಪ್ಪತ್ತೆಂಟು ವರ್ಷದ ಮುದುಕಿ, ಆ ಗಾಳಿಯಲ್ಲಿ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ. "ಅವ್ರು ಮಾಡಿದ ಬಾಗ್ಲು ಕೆಡಿಸಿ ಅವ್ರಿಗೇ ರೊಟ್ಟಿ ಬಡಿಸ್ಲಾ? ಅಂಗಳದಿಂದ್ಲೂ ವಾಸನೆ ಸಿಗತ್ತೆ ಬಿಡು. ನಿಮ್ಮಪ್ಪನ ಮೂಗೇನು ಚಿಕ್ಕದಾಗಿತ್ತಾ?" ಅಂದಳು. ನಗಬೇಕೆಂದುಕೊಂಡೆ ಬುರುಲ್ಚಾ, ಆಗಲಿಲ್ಲ.

ನಿನ್ನೆ ಬಾಗಿಲುಗಳನ್ನು ಕೂರಿಸಿದೆವು. ಹಾಲಿನ ಕೆನೆಯ ಬಣ್ಣ. ಬ್ರಶ್ಶಿನ ಒಂದು ಗೆರೆಯೂ ಇಲ್ಲ, ನೊಣ ಕೂತರೆ ಜಾರಬೇಕು. ನಿಮ್ಮಣ್ಣನಿಗೆ, ಅತ್ತಿಗೆಗೆ ನನ್ನ ಸಲಾಂ. ನಿನ್ನ ದಾರಿ ಹಸನಾಗಿರಲಿ.

ನಿನ್ನ ನಡುಹಲಗೆ,
ಕಲ್ಮುರ್ಜಾ

ತಾ.ಕ.: ಲಾರಿ ಹೊರಡುತ್ತಿದೆ, ಮುಖ್ಯ ಮಾತು ಉಳಿದೇಹೋಯಿತು. "ಹಿಮ ಬಿದ್ರೂ ನಾನು ಹೊರಗೇ ರೊಟ್ಟಿ ಕರೀತೀನಿ, ಬೀರು ಕೆಟ್ಟು ಬುರುಲ್ಚಾ ಒಲೆಗೆ ಹಾಕೋದು ಬೇಡ" ಎಂದು ಅವ್ವ ಹಟ ಹಿಡಿದಿದ್ದಾಳೆ. ಒಂದು ತಿಂಗಳು ಕಳೆದರೆ ಬಣ್ಣ ಗಟ್ಟಿಯಾಗುತ್ತದೆ, ಎಣ್ಣೆ ಸಿಡಿದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ಎಂದು ಅಜ್ಜ ಆಣೆಯಿಟ್ಟು ಹೇಳಿದ್ದಾನೆ. ನಾನು ಹೇಳಿದರೆ ಅವ್ವ ನಂಬುವುದಿಲ್ಲ, ಹೋದ ವರ್ಷದ ಬಣ್ಣ ನನ್ನದೇ ಅಲ್ಲವೇ. ನೀನು ಬಂದವಳೇ ಬೀರು ನೋಡುವ ಮೊದಲು ಅಂಗಳಕ್ಕೆ ಹೋಗಿ, "ಒಳಗೆ ಬನ್ನಿ ಅತ್ತೆ, ಒರೆಸೋಕೆ ನಾನಿದೀನಿ" ಅಂದುಬಿಡು. ನಿನ್ನಿಂದ ಕೇಳುವ ಮುಖ ನೋಡುವ ಕಾಣಿಕೆ ಅದೊಂದೇ. ಇಗೋ, ಅಂಗಳದಿಂದ ಕೂಗುತ್ತಿದ್ದಾಳೆ: "ಲೋ, ಬರೆದಿದ್ದು ಸಾಕು, ರೊಟ್ಟಿ ಆರ್ತಿದೆ, ಬಾರೋ!"